ಕಣ್ಣು ಹೋಗದ ಕಡೆ ಕೈ ಹೋಗಬಾರದು: ತೋಟದ ಮನೆಯವರು ಹಾವು, ಆನೆ, ಹಂದಿಗಳ ಜೊತೆ ಬಾಳುವ ಬಗೆ

ನಮ್ಮಮ್ಮ ಸೌದೆ ಕೊಟ್ಟಿಗೆಗೆ ಹೋದರೆ ಮೊದಲು ಕೋಲಿನಿಂದ ರಾಶಿಗೆ ಮೂರು ಸಲ ತಟ್ಟುತ್ತಿದ್ದರು. ಒಂದು ನಿಮಿಷ ಸುಮ್ನೆ ನಿಲ್ಲುತ್ತಿದ್ದರು. ಆಮೇಲೆಯೇ ಸೌದೆ ಎಳೆಯುತ್ತಿದ್ದರು. ಚಿಕ್ಕವನಿದ್ದಾಗ ಇದೂ ಒಂದು ಶಾಸ್ತ್ರ ಅಂದುಕೊಂಡಿದ್ದೆ. ಓದು, ನೌಕರಿ ಅಂತ ಹದಿನೈದು ವರ್ಷ ಊರು ಬಿಟ್ಟಿದ್ದೆ. ಸಕಲೇಶಪುರ ತಾಲ್ಲೂಕಿನ ನಮ್ಮ ಆರು ಎಕರೆ ಕಾಫಿ ತೋಟಕ್ಕೆ ವಾಪಸ್ ಬಂದ ಮೊದಲ ಮಳೆಗಾಲದಲ್ಲೇ ಆ ಶಾಸ್ತ್ರದ ಅರ್ಥ ಗೊತ್ತಾಯಿತು. ತಟ್ಟದೆ ಕೈ ಹಾಕಿದೆ. ಸೌದೆ ಹಿಂದಿನಿಂದ ಕುಕ್ಕರ್ ಉಗಿ ಬಿಟ್ಟ ಹಾಗೆ ಬುಸ್ ಅಂತ ಸದ್ದು. ಕೊಳಕುಮಂಡಲ. ನನ್ನ ಕೈಯಿಂದ ಒಂದು ಗೇಣು ದೂರ.

ಅದು ಕಚ್ಚಲಿಲ್ಲ. ನಾನು ಹಿಂದೆ ಸರಿದೆ, ಅದು ಅಲ್ಲೇ ಸುತ್ತಿಕೊಂಡು ಬಿದ್ದಿತ್ತು. ಅಮ್ಮನಿಗೆ ಹೇಳಿದಾಗ ಬೈಯಲೂ ಇಲ್ಲ. ‘ಕಣ್ಣು ಹೋಗದ ಕಡೆ ಕೈ ಹೋಗಬಾರದು ಕಣೋ’ ಅಂದರು, ಅಷ್ಟೆ.

ಹಾಸನ, ಚಿಕ್ಕಮಗಳೂರು ಕಡೆ ಹೊಸದಾಗಿ ಜಮೀನು ಕೊಂಡವರು, ಅಪ್ಪನ ಮನೆಗೆ ಮರಳಿದವರು, ಹೋಂಸ್ಟೇ ಶುರು ಮಾಡಿದವರು ನನ್ನನ್ನು ಕೇಳುವುದು ಒಂದೇ: ‘ಹಾವು ಬರದ ಹಾಗೆ ಏನು ಮಾಡಬೇಕು?’ ಬರದ ಹಾಗೆ ಮಾಡಲು ಆಗುವುದಿಲ್ಲ. ಅದು ಬಂದಾಗ ನಿಮ್ಮ ಕೈಕಾಲು ಅದರ ದಾರಿಯಲ್ಲಿ ಇರದ ಹಾಗೆ ಮಾಡಬಹುದು. ಕೆಳಗೆ ಬರೆದಿರುವುದೆಲ್ಲ ಅದಕ್ಕಾಗಿ.

1. ಯಾರು ಯಾರು ಇದ್ದಾರೆ ಅಂತ ತಿಳಿದುಕೊಳ್ಳಿ

ಹತ್ತಾರು ಹಾವಿನ ಹೆಸರು ಬಾಯಿಪಾಠ ಮಾಡಬೇಕಿಲ್ಲ. ಮನೆ ಸುತ್ತ ಜಾಸ್ತಿ ಕಾಣುವುದು ಕೇರೆಹಾವು. ಉದ್ದ, ಚುರುಕು, ವಿಷವಿಲ್ಲ. ಇಲಿ ತಿನ್ನುವುದೇ ಅದರ ಕಸುಬು. ಬಾಲದಲ್ಲಿ ಹೊಡೆದರೆ ಮೈ ಕೊಳೆಯುತ್ತದೆ, ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಅನ್ನುವುದೆಲ್ಲ ಕಟ್ಟುಕಥೆ. ಹೆದರಿದವರು ನಾಗರಹಾವು ಅಂತ ತಿಳಿದು ಹೊಡೆದು ಸಾಯಿಸುವುದೂ ಇದನ್ನೇ. ಪಾಪ. ಕೆರೆ, ಗದ್ದೆ ಬದಿಯ ನೀರೊಳ್ಳೆ ಹಾವು ಮುಂಗೋಪಿ, ಕಚ್ಚುತ್ತದೆ, ಆದರೆ ವಿಷವಿಲ್ಲ. ಬಳ್ಳಿಯ ಹಾಗೆ ತೆಳ್ಳಗಿರುವ ಹಸಿರುಹಾವು ಕಣ್ಣು ಕುಕ್ಕುತ್ತದೆ ಅನ್ನುವುದೂ ಸುಳ್ಳು. ಅದರಿಂದ ಪ್ರಾಣಾಪಾಯವಿಲ್ಲ.

ಎಚ್ಚರ ಬೇಕಾದದ್ದು ನಾಲ್ಕರ ಬಗ್ಗೆ. ನಾಗರಹಾವನ್ನು ಪರಿಚಯಿಸಬೇಕಿಲ್ಲ. ಕೊಳಕುಮಂಡಲ ದಪ್ಪ ಮೈಯ, ಕಂದು ಬಣ್ಣದ ಹಾವು. ಬೆನ್ನ ಮೇಲೆ ಸರಪಳಿಯ ಹಾಗೆ ಮೊಟ್ಟೆಯಾಕಾರದ ಗುರುತುಗಳು. ಹೊಸಬರು ಹೆಬ್ಬಾವಿನ ಮರಿ ಅಂತ ಮುಟ್ಟಲು ಹೋಗುವುದು ಇದನ್ನೇ. ಮೊಟ್ಟೆ ಇಡದೆ ಮರಿ ಹಾಕುತ್ತದೆ. ಒಂದು ಸಲಕ್ಕೆ 20ರಿಂದ 40 ಮರಿ ಸಾಮಾನ್ಯ. ಮರಿಗೂ ಹುಟ್ಟಿದ ದಿನದಿಂದಲೇ ವಿಷವಿರುತ್ತದೆ. ಕಟ್ಟುಹಾವು ಕಪ್ಪಗೆ ಹೊಳೆಯುತ್ತದೆ, ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳು, ಓಡಾಟ ರಾತ್ರಿ. ಕೆಲವರು ಕಡಂಬಳ ಅನ್ನುತ್ತಾರೆ. ನಾಲ್ಕನೆಯದು ಗರಗಸ ಮಂಡಲ. ಪುಟ್ಟದು. ಮಳೆ ಕಡಿಮೆ ಇರುವ ಅರಸೀಕೆರೆ, ಕಡೂರು ಕಡೆಯವರು ಇದನ್ನು ನೆನಪಲ್ಲಿ ಇಟ್ಟುಕೊಳ್ಳಬೇಕು.

ಮಲೆನಾಡಿನ ಭಾಗಕ್ಕೆ ಇನ್ನೆರಡು ಸೇರಿಸಿ. ಒಂದು ಗುಳಿಮಂಡಲ. ಹಸಿರು, ಹಳದಿ, ಕಂದು, ಹೀಗೆ ನಾನಾ ಬಣ್ಣದಲ್ಲಿ ಗಿಡದ ರೆಂಬೆಯ ಮೇಲೆ ಸುಮ್ಮನೆ ಕೂತಿರುತ್ತದೆ. ತರಗೆಲೆಯ ಬಣ್ಣದಲ್ಲಿ, ಮೂಗು ಮೇಲೆತ್ತಿಕೊಂಡು ನೆಲದಲ್ಲೇ ಮಲಗುವ ಇನ್ನೊಂದು ಜಾತಿಯೂ ಇದೆ. ಇನ್ನೊಂದು ಕಾಳಿಂಗ ಸರ್ಪ. ಇದು ತಿನ್ನುವುದು ಮುಖ್ಯವಾಗಿ ಬೇರೆ ಹಾವುಗಳನ್ನೇ. ಮನುಷ್ಯರನ್ನು ಕಂಡರೆ ಜಾಗ ಬಿಡುತ್ತದೆ. ತರಗೆಲೆ ಗುಡ್ಡೆ ಮಾಡಿ ಗೂಡು ಕಟ್ಟುವ ಹಾವು ಅಂದರೆ ಇದೇ. ಬೇಸಿಗೆಯ ಕೊನೆಗೆ ತೋಟದಲ್ಲಿ ಯಾರೂ ಗುಡಿಸದೇ ಇದ್ದರೂ ಅಚ್ಚುಕಟ್ಟಾದ ತರಗಿನ ಗುಡ್ಡೆ ಕಂಡರೆ ಕೆದಕಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಅಂದ ಹಾಗೆ, ಎಲ್ಲ ಕಾಳಿಂಗವೂ ಒಂದೇ ಜಾತಿ ಅಂದುಕೊಂಡಿದ್ದ ವಿಜ್ಞಾನಿಗಳು 2024ರಲ್ಲಿ ಅದನ್ನು ನಾಲ್ಕಾಗಿ ಬೇರ್ಪಡಿಸಿದರು. ಪಶ್ಚಿಮ ಘಟ್ಟದ ಜಾತಿಗೆ ಅವರಿಟ್ಟ ಹೆಸರು ನಮ್ಮದೇ ಮಾತು: ಓಫಿಯೋಫೇಗಸ್ ಕಾಳಿಂಗ.

2. ಒಂದು ಭಾನುವಾರ ಮನೆ ಸುತ್ತ ನಡೆಯಿರಿ

ಕೈಯಲ್ಲಿ ಒಂದು ಪುಸ್ತಕ, ಪೆನ್ನು ಇರಲಿ. ನೀವು ನೋಡದೆ ಕೈ ಹಾಕುವ, ನೋಡದೆ ಕಾಲಿಡುವ ಜಾಗಗಳನ್ನೆಲ್ಲ ಬರೆದುಕೊಳ್ಳಿ. ನಾನು ಬರೆದಾಗ ಇಪ್ಪತ್ತೊಂದು ಸಿಕ್ಕಿದವು. ಕೋಳಿಗೂಡಿನ ಮೊಟ್ಟೆ ಇಡುವ ಮೂಲೆ. ಹಂಡೆ ಒಲೆಯ ಪಕ್ಕದ ಸೌದೆ. ಪಂಪ್‌ಹೌಸ್‌ನ ಸ್ಟಾರ್ಟರ್ ಡಬ್ಬ. ಹೊರಗೆ ಬಿಟ್ಟ ಗಂಬೂಟು. ಕಣದ ಮೇಲೆ ಮಡಚಿಟ್ಟ ಟಾರ್ಪಾಲು. ನೀರಿನ ಮೀಟರಿನ ಮುಚ್ಚಳ. ನಿಮ್ಮ ಪಟ್ಟಿ ಬೇರೆ ಇರುತ್ತದೆ, ಆದರೆ ಗಂಬೂಟು ಅದರಲ್ಲೂ ಇರುತ್ತದೆ, ನೋಡಿ. ಬೂಟನ್ನು ತಲೆಕೆಳಗಾಗಿ ಗೂಟಕ್ಕೆ ಸಿಕ್ಕಿಸಿ, ಹಾಕುವ ಮೊದಲು ಕೊಡವಿ.

ಈಗ ರಾಶಿಗಳ ವಿಷಯ. ಸೌದೆ, ತೆಂಗಿನ ಗರಿ, ಹಳೇ ಹಂಚು, ಮನೆ ಕಟ್ಟಿ ಉಳಿದ ಸೈಜುಗಲ್ಲು. ಇವು ಮನೆ ಗೋಡೆಗೆ ಒರಗಿದ್ದರೆ ಹಾವಿಗೆ ಬಾಡಿಗೆಯಿಲ್ಲದ ಕೋಣೆ. ಮೂವತ್ತು ಅಡಿಯಾದರೂ ದೂರ ಹಾಕಿ. ಸೌದೆಯನ್ನು ನೆಲಕ್ಕೆ ತಾಗಿಸದೆ ಒಂದಡಿ ಎತ್ತರದ ಕಟ್ಟೆಯ ಮೇಲೋ ಕಲ್ಲುಕಂಬದ ಮೇಲೋ ಜೋಡಿಸಿ, ಅಡಿಯಲ್ಲಿ ಬೆಳಕು ಹಾಯುವ ಹಾಗೆ. ಗೊಬ್ಬರಗುಂಡಿ ಬೆಚ್ಚಗಿರುವುದರಿಂದ ಅಲ್ಲಿ ಹಾವು ಮೊಟ್ಟೆ ಇಡುವುದುಂಟು. ಗೊಬ್ಬರ ತೆಗೆಯುವಾಗ ಮೊದಲು ಗುದ್ದಲಿ, ಕೈ ಆಮೇಲೆ.

ಹಾವು ನಿಮ್ಮ ಮನೆ ನೋಡಲು ಬರುವುದಿಲ್ಲ, ಊಟಕ್ಕೆ ಬರುತ್ತದೆ. ಬಲ್ಬಿಗೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಬಾಗಿಲ ನೆತ್ತಿಯ ಮೇಲೆ ಬೆಳ್ಳನೆ ಲೈಟು ರಾತ್ರಿಯಿಡೀ ಉರಿಸುವ ಬದಲು ಹಳದಿ ಬಲ್ಬನ್ನು ಸ್ವಲ್ಪ ದೂರದ ಕಂಬಕ್ಕೆ ಹಾಕಿ. ಇಲಿಯ ಲೆಕ್ಕ ಇದಕ್ಕಿಂತ ಸುಲಭ. ರಾಗಿ, ಭತ್ತ, ಕೋಳಿ ಫೀಡು ಗೋಣಿಚೀಲದಲ್ಲಿದ್ದರೆ ಇಲಿ ಇದ್ದೇ ಇರುತ್ತದೆ. ಮುಚ್ಚಳವಿರುವ ಡ್ರಮ್ಮಿಗೆ ಹಾಕಿ. ಕೋಳಿಗೆ ಸಂಜೆ ಎರಚಿದ ಕಾಳು ರಾತ್ರಿಗೆ ಉಳಿಯಬಾರದು. ಇಲಿ ಪಾಷಾಣ ಇಡಬೇಡಿ. ಅದನ್ನು ತಿಂದು ಸತ್ತ ಇಲಿಯನ್ನು ಗೂಬೆಯೋ ನಿಮ್ಮದೇ ಬೆಕ್ಕೋ ತಿಂದರೆ ಅದೂ ಹೋಗುತ್ತದೆ. ಪುಕ್ಕಟೆ ಇಲಿ ಹಿಡಿಯುವವರನ್ನು ನಾವೇ ಕೊಂದ ಹಾಗಾಗುತ್ತದೆ, ಅಲ್ವಾ?

ಮನೆಯ ಸಂದುಗಳು ಮೂರನೆಯ ಕೆಲಸ. ಬಾಗಿಲ ಕೆಳಗೆ ಕಾಲು ಇಂಚು ಸಂದು ಇದ್ದರೂ ಕಟ್ಟುಹಾವಿನ ಮರಿಗೆ ಸಾಕು. ರಬ್ಬರ್ ಪಟ್ಟಿ ಹೊಡೆಸಿ. ಬಚ್ಚಲು ಮೋರಿಗೆ ಜಾಲರಿ ಹಾಕಿಸಿ. ಹಂಚಿಗೆ ತಾಗುವ ಕೊಂಬೆ, ಬಳ್ಳಿ ಕಡಿಯಿರಿ.

ಫಿನೈಲ್, ಬೆಳ್ಳುಳ್ಳಿ ನೀರು, ಸೀಮೆಎಣ್ಣೆ, ಕಾರ್ಬಾಲಿಕ್ ಆಸಿಡ್, ಪೇಟೆಯಲ್ಲಿ ಮಾರುವ ‘ಹಾವು ಓಡಿಸುವ ಪುಡಿ’, ಇದ್ಯಾವುದನ್ನೂ ನಂಬಬೇಡಿ. ಆಸಿಡ್ ಹಾವಿನ ಮೈ ಸುಡುತ್ತದೆ, ನಿಮ್ಮ ನಾಯಿಯ ಕಾಲನ್ನೂ ಸುಡುತ್ತದೆ. ನಾನೂ ಮೊದಲ ವರ್ಷ ಒಂದು ಡಬ್ಬ ಪುಡಿ ತಂದಿದ್ದೆ. ಆ ಡಬ್ಬದ ಹಿಂದೆಯೇ ಒಂದು ದಿನ ಕೇರೆಹಾವು ಮಲಗಿತ್ತು.

ತರಕಾರಿ ಮಡಿಗೋ ಮೆಣಸಿನ ನರ್ಸರಿಗೋ ನೈಲಾನ್ ಬಲೆ ಕಟ್ಟುವವರಿಗೆ ಒಂದು ಮಾತು. ನೆಲಕ್ಕೆ ತಾಗುವ ಬಲೆಯಲ್ಲಿ ಹಾವು ಸಿಕ್ಕಿ ಬಿಸಿಲಿಗೆ ಸಾಯುತ್ತದೆ. ಕೆಳಗಿನ ಒಂದಡಿಗೆ ತಗಡು ನಿಲ್ಲಿಸಿ, ಬಲೆ ಅದರ ಮೇಲಿಂದ ಶುರುವಾಗಲಿ.

3. ರಾತ್ರಿಗೆ ಮೂರೇ ಅಭ್ಯಾಸ

ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ. ನೆಲದ ಮೇಲೆ ಮಲಗಬೇಡಿ. ಸೊಳ್ಳೆಪರದೆಯನ್ನು ಹಾಸಿಗೆ ಅಡಿಗೆ ಸಿಕ್ಕಿಸಿ ಮಲಗಿ.

ಕಟ್ಟುಹಾವಿನ ಕಡಿತಕ್ಕೆ ನೋವೇ ಇರುವುದಿಲ್ಲ ಅನ್ನಬಹುದು, ಗುರುತೂ ಸರಿಯಾಗಿ ಕಾಣುವುದಿಲ್ಲ. ನೆಲದಲ್ಲಿ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚಿರುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಅಂತ ಎದ್ದು ಕೂರುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ. ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸೋಡಾ ಕುಡಿಸಿ ಕಾಯುವುದು ಇಲ್ಲೇ. ಲೈನ್ ಮನೆಗಳಲ್ಲಿ ಕೆಲಸದವರು ನೆಲದ ಮೇಲೆ ಮಲಗುತ್ತಿದ್ದರೆ ಮಂಚ, ಸೊಳ್ಳೆಪರದೆ ಮಾಡಿಸಿಕೊಡುವುದು ತೋಟದ ಮಾಲೀಕರ ಜವಾಬ್ದಾರಿ. ಸ್ಪ್ರಿಂಕ್ಲರ್ ಪೈಪಿಗೆ ಲಕ್ಷ ಖರ್ಚು ಮಾಡುವವರು ಇದಕ್ಕೆ ಲೆಕ್ಕ ಹಾಕಬಾರದು.

4. ತೋಟದೊಳಗೆ

ಕಳೆ ತೆಗೆಯುವಾಗ, ಚಿಗುರು ತೆಗೆಯುವಾಗ, ಹಣ್ಣು ಕುಯ್ಯುವಾಗ ಮುಖ ಮತ್ತು ಕೈ ಗಿಡದೊಳಗೇ ಇರುತ್ತದೆ. ಗುಳಿಮಂಡಲ ಕಾಣುವುದೂ ಅಲ್ಲೇ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುವ ಅಕ್ಕ ಪ್ರತಿ ಗಿಡವನ್ನೂ ಕೋಲಿನಲ್ಲಿ ಮೆಲ್ಲಗೆ ಅಲುಗಿಸಿ, ಒಂದು ಸಲ ಬಗ್ಗಿ ನೋಡಿ, ಆಮೇಲೆ ಕೈ ಹಾಕುತ್ತಾರೆ. ಇದರಿಂದ ದಿನಕ್ಕೆ ಎಷ್ಟು ಕೆಜಿ ಹಣ್ಣು ಕಡಿಮೆಯಾಗುತ್ತದೆ ಅಂತ ಒಮ್ಮೆ ನೋಡಿದೆ. ಏನೂ ಇಲ್ಲ. ಈಗ ಎಲ್ಲರಿಗೂ ಕೋಲು, ಗಂಬೂಟು ಕೊಟ್ಟಿದ್ದೇನೆ. ಗುಳಿಮಂಡಲ ಕಂಡ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ ಮುಂದೆ ಹೋಗುತ್ತಾರೆ. ದಿನಗಟ್ಟಲೆ ಒಂದೇ ರೆಂಬೆಯಲ್ಲಿ ಕೂರುವ ಹಾವು ಅದು. ಆ ಗಿಡದ ಹಣ್ಣು ಎಲ್ಲಿಗೂ ಓಡಿಹೋಗುವುದಿಲ್ಲ.

5. ಹಾವು ಕಂಡಾಗ

ಹೊರಗೆ ಕಂಡರೆ ಏನೂ ಮಾಡಬೇಡಿ. ನಿಂತು, ನೋಡಿ, ದಾರಿ ಬಿಡಿ. ಹೆಚ್ಚಿನವು ಹಾದುಹೋಗುತ್ತಿರುತ್ತವೆ.

ಮನೆಯೊಳಗೆ ಕಂಡರೆ ಮೊದಲು ಮಕ್ಕಳು, ನಾಯಿ, ಬೆಕ್ಕು ಹೊರಗೆ. ಒಳಕೋಣೆಗಳ ಬಾಗಿಲು ಹಾಕಿ, ಹೊರಬಾಗಿಲು ತೆಗೆದಿಡಿ. ಒಬ್ಬರು ಮಾತ್ರ ಎಂಟು ಹತ್ತು ಅಡಿ ದೂರದಲ್ಲಿ ನಿಂತು ಅದರ ಮೇಲೆ ಕಣ್ಣಿಡಲಿ. ಹಾವು ಕಣ್ಮರೆಯಾದರೆ ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಆಮೇಲೆ ಫೋನ್. ಅರಣ್ಯ ಇಲಾಖೆಯ ಸಹಾಯವಾಣಿ 1926. ಇದರ ಜೊತೆ ನಿಮ್ಮ ವಲಯದ ಅರಣ್ಯ ಕಚೇರಿ, ಹತ್ತಿರದ ಹಾವು ಹಿಡಿಯುವವರ ನಂಬರನ್ನು ಈಗಲೇ ಕೇಳಿ ಗೋಡೆಗೆ ಅಂಟಿಸಿ. ಹಾವು ಬಂದ ಮೇಲೆ ಹುಡುಕಿದರೆ ನೆಟ್‌ವರ್ಕ್ ಸಿಗುವುದಿಲ್ಲ, ನಮ್ಮ ಕಡೆಯ ಟವರ್ ವಿಷಯ ಗೊತ್ತಲ್ಲ.

ಹಿಡಿದವರು ಹೆಡೆ ಎತ್ತಿಸಿ ಫೋಟೊಗೆ ನಿಂತರೆ ಬೇಡ ಅನ್ನಿ. ‘ದೂರದ ಘಾಟಿಗೆ ಬಿಟ್ಟು ಬನ್ನಿ’ ಅಂತಲೂ ಹೇಳಬೇಡಿ. ಗುರುತಿಲ್ಲದ ಜಾಗಕ್ಕೆ ಬಿಟ್ಟ ಹಾವು ಅಲೆದಾಡಿ ಸೊರಗುತ್ತದೆ. ನಿಮ್ಮಲ್ಲಿ ಇಲಿ ಉಳಿದಿದ್ದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಇನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಬಿಡಿ, ಹಾವು ಹೊಡೆಯಲು ಅದರ ಹತ್ತಿರ ಹೋಗಲೇಬೇಕು. ಕಡಿತ ಆಗುವುದೂ ಆಗಲೇ. ನಾಗರ ಪಂಚಮಿ ದಿನ ಹುತ್ತಕ್ಕೆ ಹಾಲೆರೆದು ಮಾರನೇ ದಿನ ದೊಣ್ಣೆ ಹಿಡಿಯುವುದು ನಮಗೇ ಒಪ್ಪುವ ಮಾತಲ್ಲ.

6. ಕಚ್ಚಿದರೆ

ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತರು ಅನ್ನುವುದು ಸಂಶೋಧಕರ ಅಂದಾಜು. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಮಾಡಬೇಕಾದದ್ದು ಇಷ್ಟು. ಹಾವಿನಿಂದ ದೂರ ಸರಿಯಿರಿ. ಗಂಟೆ ಎಷ್ಟು ಅಂತ ನೋಡಿಕೊಳ್ಳಿ. ಬಳೆ, ಉಂಗುರ, ಕಾಲುಂಗುರ, ವಾಚು ತೆಗೆಯಿರಿ. ಬಾವು ಬಂದ ಮೇಲೆ ತೆಗೆಯಲು ಆಗುವುದಿಲ್ಲ. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಕಟ್ಟುವ ಹಾಗೆ ದಬ್ಬೆ ಇಟ್ಟು, ಸಡಿಲವಾಗಿ ಸುತ್ತಿ, ಅಲುಗದ ಹಾಗೆ ಮಾಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತೋಟದ ದಾರಿಗೆ ಬರಲು ತಡವಾದರೆ ಜೀಪಿನಲ್ಲೇ ಹೊರಡಿ. ವಾಂತಿ ಬಂದರೆ ಪಕ್ಕಕ್ಕೆ ಮಲಗಿಸಿ.

ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಲ್ಲಿ ಹೀರುವುದು, ಐಸ್ ಇಡುವುದು, ಸಾರಾಯಿ ಕುಡಿಸುವುದು, ಯಾವುದೂ ಬೇಡ. ಯಾರಾದರೂ ಆಗಲೇ ಹಗ್ಗ ಬಿಗಿದುಬಿಟ್ಟಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ಬಿಚ್ಚುತ್ತಾರೆ. ಹಾವನ್ನು ಹೊಡೆದು ಚೀಲದಲ್ಲಿ ತರುವುದೂ ಬೇಡ. ದೂರದಿಂದ ಫೋಟೊ ಸಿಕ್ಕಿದರೆ ಸರಿ, ಸಿಗದಿದ್ದರೂ ಸರಿ. ವೈದ್ಯರು ಲಕ್ಷಣ ನೋಡುತ್ತಾರೆ. ಒಂದು ಗಾಜಿನ ಟ್ಯೂಬಿಗೆ ರಕ್ತ ಹಾಕಿ 20 ನಿಮಿಷ ಬಿಟ್ಟು, ಹೆಪ್ಪುಗಟ್ಟಿತೋ ಇಲ್ಲವೋ ಅಂತ ನೋಡುತ್ತಾರೆ. ಗಟ್ಟಿಯಾಗದಿದ್ದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ ಅಂತ ಅನುಮಾನ.

ನಾಟಿ ಔಷಧಿ ಬಗ್ಗೆ ಜಗಳವಾಡಿ ಸಾಕಾಗಿದೆ. ‘ನಮ್ಮ ಮಾವನಿಗೆ ವಾಸಿಯಾಯಿತಲ್ಲ’ ಅನ್ನುತ್ತಾರೆ. ಕಚ್ಚಿದ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಸೊಪ್ಪು ತಿಂದರೂ ಬದುಕುತ್ತಾರೆ, ತಿನ್ನದಿದ್ದರೂ ಬದುಕುತ್ತಾರೆ. ನಮ್ಮ ಪಕ್ಕದ ಊರಿನ ಒಬ್ಬರಿಗೆ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿತು. ಮೊದಲು ಬೇರು ಅರೆದು ಕೊಡುವವರ ಹತ್ತಿರ ಕರೆದೊಯ್ದರು. ಎರಡು ಗಂಟೆ ಅಲ್ಲೇ ಹೋಯಿತು. ಜೀವ ಉಳಿಯಿತು, ಆದರೆ ಮೂತ್ರಪಿಂಡ ಕೈಕೊಟ್ಟು ವಾರಗಟ್ಟಲೆ ಡಯಾಲಿಸಿಸ್ ಮಾಡಿಸಬೇಕಾಯಿತು.

ವಿಷಕ್ಕೆ ಮದ್ದು ಎಎಸ್‌ವಿ (ಆಂಟಿ ಸ್ನೇಕ್ ವೆನಮ್) ಅನ್ನುವ ಚುಚ್ಚುಮದ್ದು ಒಂದೇ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷದಿಂದ ಇದನ್ನು ತಯಾರಿಸುತ್ತಾರೆ. ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘ ಹಾವು ಹಿಡಿದು, ವಿಷ ತೆಗೆದು, ಹಾವನ್ನು ವಾಪಸ್ ಬಿಟ್ಟು, ಆ ವಿಷವನ್ನು ಕಂಪನಿಗಳಿಗೆ ಒದಗಿಸುತ್ತದೆ. ನಮ್ಮಲ್ಲಿ ಸಿಗುವ ಎಎಸ್‌ವಿ ಮೇಲೆ ಹೇಳಿದ ನಾಲ್ಕು ಹಾವುಗಳಿಗೆ ಮಾತ್ರ. ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಹಾಗಾಗಿ ‘ಕಾಫಿ ಗಿಡದ ರೆಂಬೆಯಲ್ಲಿ ಕೂತಿದ್ದ ಹಸಿರು ಹಾವು’ ಅಂತ ವೈದ್ಯರಿಗೆ ಬಿಡಿಸಿ ಹೇಳಿ, ಅವರ ತೀರ್ಮಾನಕ್ಕೆ ಅದು ಮುಖ್ಯ. ಆಸ್ಪತ್ರೆಗಂತೂ ಹೋಗಲೇಬೇಕು. ಏನೂ ಆಗಿಲ್ಲ ಅನಿಸಿದರೂ 24 ಗಂಟೆ ಅಲ್ಲೇ ಇರಿ.

ಇದಕ್ಕೂ ಒಂದು ಪೂರ್ವಸಿದ್ಧತೆ ಬೇಕು. ಮಳೆಗಾಲಕ್ಕೆ ಮುಂಚೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ಹೋಗಿ ಕೇಳಿ: ಎಎಸ್‌ವಿ ಇದೆಯಾ? ರಾತ್ರಿ ವೈದ್ಯರು ಇರುತ್ತಾರಾ? ವೆಂಟಿಲೇಟರ್ ಇರುವ ಹತ್ತಿರದ ಜಾಗ ಯಾವುದು? ನಾನು ಮೊದಲ ಸಲ ಒಂದು ಕಡೆ ಕೇಳಿದಾಗ ಫ್ರಿಜ್ಜಿನ ಬೀಗದ ಕೈ ಯಾರ ಹತ್ತಿರ ಇದೆ ಅಂತಲೇ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಮುಖ ಸಿಂಡರಿಸಿದರು. ಮುಂದಿನ ಸಲ ಬೀಗದ ಕೈ ನರ್ಸ್ ಮೇಜಿನ ಮೇಲಿತ್ತು.

7. ಉಳಿದವರು

ಆನೆ ಬಗ್ಗೆ ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯವರಿಗೆ ಹೇಳಲು ನಾನು ಯಾರು? ಹೊಸಬರಿಗೆ ಮಾತ್ರ ಹೇಳುತ್ತೇನೆ. ದಸರಾ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರ್‌ನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟಿತು. ನೀವು ಪಟಾಕಿ, ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ. ಊರಿನ ಆನೆ ವಾಟ್ಸಾಪ್ ಗುಂಪಿಗೆ, ಅರಣ್ಯ ಇಲಾಖೆಯ ಎಸ್‌ಎಂಎಸ್‌ಗೆ ನಂಬರ್ ಕೊಡಿ. ಬೆಳಿಗ್ಗೆ ಕೆಲಸಕ್ಕೆ ಆಳು ಕರೆಯುವ ಮೊದಲು ಅದನ್ನು ನೋಡಿ. ಮುಂಜಾನೆ, ಮುಸ್ಸಂಜೆ ತೋಟದ ದಾರಿಯಲ್ಲಿ ಬೈಕ್ ಬೇಡ. ಮನೆ ಪಕ್ಕದ ಹಲಸನ್ನು ಹಣ್ಣಾಗುವ ಮೊದಲೇ ಇಳಿಸಿ, ಭತ್ತದ ಮೂಟೆಯನ್ನು ಜಗಲಿಯಲ್ಲಿ ಇಡಬೇಡಿ. ವಾಸನೆಗೆ ಗೋಡೆಯನ್ನೇ ಒಡೆಯುತ್ತದೆ.

ಚಿರತೆಗೆ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಅಂದರೆ ಬಾಳೆಲೆ ಹಾಕಿ ಬಡಿಸಿದ ಊಟ. ನಾಯಿ ಒಳಗಿರಲಿ, ಕೊಟ್ಟಿಗೆಗೆ ಬಾಗಿಲಿರಲಿ. ಹಂದಿಗೆ ಅಂತ ಬೇಲಿಯಲ್ಲಿ ಉರುಳು ಹಾಕುವುದು, ಮನೆ ಕರೆಂಟನ್ನು ತಂತಿಗೆ ಕೊಡುವುದು ಅಪರಾಧ. ಆ ಉರುಳಿಗೆ ಚಿರತೆ ಬೀಳುತ್ತದೆ, ಆ ಕರೆಂಟಿಗೆ ಪಕ್ಕದ ಮನೆಯವರೇ ಬೀಳಬಹುದು. ಬೇಕಾದರೆ ಸೋಲಾರ್ ಬೇಲಿ ಹಾಕಿಸಿ. ಅದು ಬಿಟ್ಟು ಬಿಟ್ಟು ಬಡಿಯುತ್ತದೆ, ಕೊಲ್ಲುವುದಿಲ್ಲ. ಆದರೆ ಕಳೆ ಬೆಳೆದು ತಂತಿಗೆ ತಾಗಿದರೆ ಬೇಲಿ ಸತ್ತಂತೆಯೇ, ಹದಿನೈದು ದಿನಕ್ಕೊಮ್ಮೆ ಸವರಲೇಬೇಕು.

ಮಂಗಕ್ಕೆ ತಿನ್ನಲು ಕೊಡಬೇಡಿ, ಹೋಂಸ್ಟೇ ಅತಿಥಿಗಳೂ ಕೊಡದ ಹಾಗೆ ನೋಡಿಕೊಳ್ಳಿ. ಕೊಪ್ಪ, ನರಸಿಂಹರಾಜಪುರ ಭಾಗದವರಿಗೆ ಇನ್ನೊಂದು ಎಚ್ಚರಿಕೆ. ತೋಟದಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆವರೆಗೆ ಕಾಡಂಚಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಹಚ್ಚಿಕೊಳ್ಳಿ, ತುಂಬು ತೋಳಿನ ಅಂಗಿ ಹಾಕಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ.

ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಫೋಟೊ ಇಟ್ಟುಕೊಂಡು ವಲಯ ಕಚೇರಿಗೆ ಬೇಗ ಅರ್ಜಿ ಕೊಡಿ. ಫೋಟೊ ತೆಗೆಯುವ ಮೊದಲು ಬಿದ್ದ ಬಾಳೆ ಕಡಿದು ಹಸುವಿಗೆ ಹಾಕಬೇಡಿ. ಹೋದ ವರ್ಷ ನಾನು ಹಾಕಿಬಿಟ್ಟಿದ್ದೆ. ನೋಡಲು ಬಂದವರಿಗೆ ತೋರಿಸಲು ಆನೆ ಹೆಜ್ಜೆ ಬಿಟ್ಟರೆ ಏನೂ ಉಳಿದಿರಲಿಲ್ಲ.